ಕಲ್ಲಿನೊಳಗಣ ಮದ್ದು

ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಹೊರವಲಯದಲ್ಲಿ ಬಂಡೂರ ಎಂಬ ಸ್ಥಳವಿದೆ. ಯುದ್ಧದಿಂದ ಹಿಂದಿರುಗಿದ ಸೈನಿಕರಲ್ಲಿ ಮನೋರೋಗಕ್ಕೆ ತುತ್ತಾದವರಿಗಾಗಿ ಅಲ್ಲಿ ಒಂದು ಆಸ್ಪತ್ರೆ ಇದ್ದಿತು. 1948ರಲ್ಲಿ ಆ ಆಸ್ಪತ್ರೆಯಲ್ಲಿ 51 ವರ್ಷ ವಯಸ್ಸಿನ ರೋಗಿಯೊಬ್ಬನಿದ್ದನು. ಐದು ವರ್ಷಗಳಿಂದ ಅವನ ಉನ್ಮಾದ ಇಳಿದಿರಲಿಲ್ಲ. ಹಗಲಿರುಳೆನ್ನದೆ ಚಡಪಡಿಸುವುದು, ಕೈಗೆ ಸಿಕ್ಕಿದ್ದನ್ನು ಹಾಳುಮಾಡುವುದು, ಎಲ್ಲರನ್ನೂ ಕೆಣಕುವುದು, ಇದೇ ಅವನ ದಿನಚರಿಯಾಗಿತ್ತು. ಮೈಮೇಲಿನ ಕೊಳೆಯ ಪರಿವೆಯೂ ಅವನಿಗಿರಲಿಲ್ಲ. ಬದುಕಿರುವವರೆಗೆ ಅವನು ಅಲ್ಲಿಯೇ ಇರಬೇಕಾದವನೆಂದು ಎಲ್ಲರೂ ಭಾವಿಸಿದ್ದರು.

ಸುಖ ಬಂದಾಗ ಹಿಗ್ಗುವುದು, ದುಃಖ ಬಂದಾಗ ಕುಗ್ಗುವುದು ಮನುಷ್ಯನ ಸಹಜ ಗುಣ. ಆದರೆ ಕೆಲವರಲ್ಲಿ ಈ ಏರಿಳಿತ ಕಾರಣವಿಲ್ಲದೆ, ಮಿತಿಯಿಲ್ಲದೆ ತಲೆದೋರುತ್ತದೆ. ಕೆಲವು ಕಾಲ ನಿದ್ರೆಯನ್ನೂ ಬೇಡದ ಅತಿಯಾದ ಉತ್ಸಾಹ. ಇನ್ನು ಕೆಲವು ಕಾಲ ಎದ್ದು ನಿಲ್ಲುವುದೂ ಬೇಡವೆನಿಸುವ ಖಿನ್ನತೆ. ಇದನ್ನು ದೇವರ ಶಾಪವೆಂದೋ, ಸ್ವಭಾವದ ದೋಷವೆಂದೋ ಬಗೆದ ಕಾಲವೊಂದಿತ್ತು. ಇದೂ ಜ್ವರ, ಕಾಮಾಲೆಗಳಂತೆ ಒಂದು ರೋಗವೆಂದೂ ಇದಕ್ಕೂ ಮದ್ದು ಇರಬೇಕೆಂದೂ ನಂಬಿ ಹುಡುಕಿದವರಲ್ಲಿ ಡಾಕ್ಟರ್ ಜಾನ್ ಕೇಡ್ ಒಬ್ಬರು. ಕನ್ನಡದ ಕಿವಿಗೆ ಈ ಹೆಸರು ವಿಚಿತ್ರವಾಗಿ ಕೇಳಿಸಬಹುದು. ಆದರೆ ಅಸಂಖ್ಯ ಮನೆಗಳ ಕೇಡನ್ನು ತಪ್ಪಿಸಿದ ಹೆಸರದು.

ಜಾನ್ ಕೇಡ್ 1912ರ ಜನವರಿ 18ರಂದು ವಿಕ್ಟೋರಿಯ ರಾಜ್ಯದ ಮುರ್ಟೋವ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ವೈದ್ಯರು. ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಬಳಲಿ ಬಂದ ಅವರಿಗೆ ಹಳೆಯ ವೃತ್ತಿಯನ್ನು ಮುಂದುವರಿಸುವ ಚೈತನ್ಯ ಉಳಿದಿರಲಿಲ್ಲ. ಅದನ್ನು ಬಿಟ್ಟು ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದರು. ಸಂಸಾರವೂ ಆಸ್ಪತ್ರೆಯ ಆವರಣದಲ್ಲಿಯೇ ನೆಲೆಸಿತು. ಹೀಗಾಗಿ, ಜನರು ಹೆದರಿ ದೂರ ಸರಿಯುವ ರೋಗಿಗಳ ನಡುವೆಯೇ ಬಾಲಕ ಜಾನ್ ಆಡಿ ಬೆಳೆದನು. ಮುಂದೆ ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗಮಾಡಿ, ತಂದೆ ಹಿಡಿದ ಮಾರ್ಗವನ್ನೇ ಹಿಡಿದನು.

ಎರಡನೆಯ ಮಹಾಯುದ್ಧ ಆರಂಭವಾದಾಗ ಕೇಡ್ ಅವರು ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಊರಿನಲ್ಲಿ ಬಿಟ್ಟು ಸೈನ್ಯದ ವೈದ್ಯರಾಗಿ ಸಿಂಗಪುರಕ್ಕೆ ತೆರಳಿದರು. 1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಯಿತು. ಅಲ್ಲಿಂದ ಮೂರೂವರೆ ವರ್ಷಕಾಲ ಅವರು ಚಾಂಗಿಯ ಸೆರೆಶಿಬಿರದಲ್ಲಿ ಕಳೆದರು. ಹಿಡಿ ಅನ್ನವೇ ಅಲ್ಲಿಯ ಆಹಾರ. ಜೀವಸತ್ತ್ವಗಳ ಕೊರತೆಯಿಂದ ಸೆರೆಯಾಳುಗಳಿಗೆ ಬೆರಿಬೆರಿ ಮೊದಲಾದ ರೋಗಗಳು ಬಂದವು. ದೇಹದೊಂದಿಗೆ ಕೆಲವರ ಬುದ್ಧಿಯೂ ಕೆಟ್ಟಿತು. ಆಹಾರದಲ್ಲಿ ಒಂದಂಶ ತಪ್ಪಿದರೆ ಮನಸ್ಸೇ ತಪ್ಪುವುದಾದರೆ, ಮನೋರೋಗದ ಮೂಲವೂ ದೇಹದಲ್ಲಿಯೇ ಇರಬಾರದೇಕೆ? ಎಲುಬಿನ ಹಂದರವಾಗಿ ಮನೆಗೆ ಮರಳಿದ ಕೇಡ್ ಅವರು ಈ ಪ್ರಶ್ನೆಯನ್ನು ಜೊತೆಯಲ್ಲಿ ತಂದಿದ್ದರು.

ಬಂಡೂರದಲ್ಲಿ ಅವರಿಗೆ ದೊರೆತ ಪ್ರಯೋಗಶಾಲೆಯೆಂದರೆ ಬಳಕೆ ತಪ್ಪಿದ ಒಂದು ಉಗ್ರಾಣದ ಕೋಣೆ. ಹಣವಿಲ್ಲ, ಸಹಾಯಕರಿಲ್ಲ. ಉನ್ಮಾದಕ್ಕೆ ದೇಹದಲ್ಲಿಯೇ ಹುಟ್ಟುವ ಯಾವುದೋ ವಸ್ತುವಿನ ಅತಿರೇಕ ಕಾರಣವೆಂದು ಅವರು ಊಹಿಸಿದರು. ಅತಿಯಾದದ್ದು ಮೂತ್ರದಲ್ಲಿ ಹೊರಬರಬೇಕಷ್ಟೆ. ಆದ್ದರಿಂದ ರೋಗಿಗಳ ಮೂತ್ರವನ್ನು ಸಂಗ್ರಹಿಸಿ ಗಿನಿಹಂದಿಗಳಿಗೆ ಚುಚ್ಚಿ ನೋಡತೊಡಗಿದರು. ಗಿನಿಹಂದಿಯೆಂದರೆ ಹಂದಿಯಲ್ಲ; ಇಲಿಯ ವರ್ಗಕ್ಕೆ ಸೇರಿದ, ಬಾಲವಿಲ್ಲದ ಒಂದು ಸಾಧುಪ್ರಾಣಿ. ಮೂತ್ರದ ಸೀಸೆಗಳನ್ನು ಅವರು ಇರಿಸುತ್ತಿದ್ದುದು ಮನೆಯ ರೆಫ್ರಿಜರೇಟರಿನಲ್ಲಿ! ಅದನ್ನು ಸಹಿಸಿಕೊಂಡ ಗೃಹಿಣಿಯ ಪಾಲೂ ಈ ಸಂಶೋಧನೆಯಲ್ಲಿ ಸಣ್ಣದಲ್ಲ.

ಮೂತ್ರದಲ್ಲಿರುವ ಯೂರಿಕ್ ಆಮ್ಲದ ಪರಿಣಾಮವನ್ನು ಪರೀಕ್ಷಿಸಬೇಕಾಗಿ ಬಂದಿತು. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು. ಅದರ ಲವಣಗಳಲ್ಲಿ ಚೆನ್ನಾಗಿ ಕರಗುವುದು ಲಿಥಿಯಮ್ ಲವಣ. ಲಿಥಿಯಮ್ ಅತ್ಯಂತ ಹಗುರವಾದ ಲೋಹ. 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್ಸನ್ ಎಂಬ ವಿಜ್ಞಾನಿ ಅದನ್ನು ಖನಿಜವೊಂದರಲ್ಲಿ ಕಂಡುಹಿಡಿದರು. ಗ್ರೀಕ್ ಭಾಷೆಯಲ್ಲಿ ಕಲ್ಲು ಎಂಬರ್ಥದ ಪದದಿಂದ ಅದಕ್ಕೆ ಆ ಹೆಸರು ಬಂದಿತು. ಕೇಡ್ ಅವರು ಲಿಥಿಯಮ್ ಬೆರೆಸಿದಾಗ ದ್ರಾವಣದ ವಿಷವು ಹೆಚ್ಚುವುದಕ್ಕೆ ಬದಲಾಗಿ ತಗ್ಗಿತು. ಇದೇನೆಂದು ಬೆರಗಾಗಿ ಲಿಥಿಯಮ್ ಕಾರ್ಬೊನೇಟನ್ನು ಮಾತ್ರವೇ ಚುಚ್ಚಿದರು. ಸುಮಾರು ಎರಡು ಗಂಟೆಗಳಾದ ಮೇಲೆ, ಮುಟ್ಟಿದರೆ ಬೆಚ್ಚಿ ಒದ್ದಾಡುತ್ತಿದ್ದ ಗಿನಿಹಂದಿಗಳು ಅಂಗಾತ ಮಲಗಿಸಿದರೂ ಸುಮ್ಮನೆ ನೋಡುತ್ತ ಬಿದ್ದಿದ್ದವು, ಆಮೇಲೆ ಚೇತರಿಸಿಕೊಂಡವು. ಕೇಡ್ ಅವರ ಮೂಲ ಊಹೆ ಸರಿಯಲ್ಲವೆಂದು ಮುಂದೆ ತಿಳಿದುಬಂದಿತು. ಗಿನಿಹಂದಿಗಳ ಜಡತೆಯೂ ಬಹುಶಃ ಔಷಧದ ವಿಷಲಕ್ಷಣವೇ ಇರಬಹುದು. ಆದರೂ ಹುಡುಕದೆ ಇದ್ದುದೊಂದು ಕಣ್ಣಿಗೆ ಬಿದ್ದಾಗ ಅದನ್ನು ಕಡೆಗಣಿಸದಿರುವುದು ಎಲ್ಲರಿಗೂ ಬರುವ ಗುಣವಲ್ಲ.

ಅವರು ಮೊದಲು ಲಿಥಿಯಮ್ಮನ್ನು ತಾವೇ ಸೇವಿಸಿ ನೋಡಿದರು. ಅಪಾಯವಾಗಲಿಲ್ಲ. 1948ರ ಮಾರ್ಚ್ 29ರಂದು, ಆರಂಭದಲ್ಲಿ ಹೇಳಿದ ಆ ರೋಗಿಗೆ ಅದನ್ನು ಕೊಡತೊಡಗಿದರು. ಕೆಲವೇ ದಿನಗಳಲ್ಲಿ ಅವನ ಕಾವು ಇಳಿಯತೊಡಗಿತು. ತಮ್ಮ ಕಣ್ಣನ್ನು ತಾವೇ ನಂಬದೆ ಕೇಡ್ ಅವರು ಕಾದು ನೋಡಿದರು. ಮೂರು ವಾರಗಳಲ್ಲಿ ಅವನನ್ನು ಚೇತರಿಸಿಕೊಳ್ಳುವವರ ವಾರ್ಡಿಗೆ ಕಳುಹಿಸಲಾಯಿತು. ಜುಲೈ ತಿಂಗಳಲ್ಲಿ ಅವನು ಮನೆಗೆ ಹೋಗಿ ಹಳೆಯ ಉದ್ಯೋಗಕ್ಕೆ ಸೇರಿದನು. ಉನ್ಮಾದಕ್ಕೆ ಒಳಗಾಗಿದ್ದ ಹತ್ತು ಮಂದಿಗೂ ಈ ಮದ್ದು ಗುಣ ತೋರಿತು. ಖಿನ್ನತೆಯ ಮೂವರಿಗೆ ಪ್ರಯೋಜನವಾಗಲಿಲ್ಲ. ಅದನ್ನೂ ಮುಚ್ಚಿಡದೆ 1949ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಗುಣವಾಯಿತೆಂದು ಬಗೆದು ಮೊದಲನೆಯ ರೋಗಿ ಮದ್ದನ್ನು ನಿಲ್ಲಿಸಿದನು. ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆಗೆ ಬಂದನು. ಮದ್ದು ಕೊಟ್ಟರೆ ಮೈಯಲ್ಲಿ ವಿಷವೇರುವುದು, ಬಿಟ್ಟರೆ ಉನ್ಮಾದ ಕೆರಳುವುದು. ಈ ಇಕ್ಕಟ್ಟಿನಲ್ಲಿಯೇ 1950ರ ಮೇ ತಿಂಗಳಲ್ಲಿ ಅವನು ಲಿಥಿಯಮ್ಮಿನ ವಿಷದಿಂದ ತೀರಿಕೊಂಡನು. ತಾವು ಉಳಿಸಿದವನನ್ನು ತಮ್ಮ ಮದ್ದೇ ಕೊಂದಿತೆಂಬ ನೋವು ಕೇಡ್ ಅವರನ್ನು ಹಿಂಜರಿಯುವಂತೆ ಮಾಡಿತು. ಅದೇ ಸಮಯದಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳು ಅಡಿಗೆಯ ಉಪ್ಪಿಗೆ ಬದಲಾಗಿ ಬಳಸುತ್ತಿದ್ದ ಲಿಥಿಯಮ್ ಲವಣವೂ ಸಾವುಗಳಿಗೆ ಕಾರಣವಾಗಿ, ಅದರ ಹೆಸರೇ ಭೀತಿ ಹುಟ್ಟಿಸುವಂತಾಗಿತ್ತು.

ಈ ಭೀತಿಗೆ ಪರಿಹಾರ ದೊರೆತದ್ದು ಅಳತೆಯಿಂದ. ಮೆಲ್ಬರ್ನಿನಲ್ಲಿಯೇ ಟ್ರಾಟ್ನರ್ ಮತ್ತು ಅವರ ಸಂಗಡಿಗರು ರೋಗಿಯ ರಕ್ತದಲ್ಲಿ ಲಿಥಿಯಮ್ ಎಷ್ಟಿದೆಯೆಂದು ಅಳೆದು ಮದ್ದು ಕೊಡುವ ಕ್ರಮವನ್ನು ಬೆಳೆಸಿದರು. ಡೆನ್ಮಾರ್ಕಿನ ಮೋಗೆನ್ಸ್ ಸ್ಕೌ ಅವರು 1954ರಲ್ಲಿ ಇನ್ನೂ ಬಿಗಿಯಾದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮದ್ದಿನ ಮಾತ್ರೆ ಮತ್ತು ಅದರಂತೆಯೇ ಕಾಣುವ ಬರಿಯ ಮಾತ್ರೆ, ಎರಡನ್ನೂ ಕೊಟ್ಟು ಹೋಲಿಸುವ ವಿಧಾನವದು. ಆದರೂ 1968ರಲ್ಲಿ ಲಂಡನ್ನಿನ ಇಬ್ಬರು ತಜ್ಞರು, ಲಿಥಿಯಮ್ ರೋಗ ಮರುಕಳಿಸದಂತೆ ತಡೆಯುವುದೆಂಬುದು ಬರಿಯ ನಂಬಿಕೆಯೆಂದು ಆಕ್ಷೇಪಿಸಿದರು. ಬಾಸ್ಟ್ರುಪ್ ಮತ್ತು ಸ್ಕೌ ವಾದಕ್ಕೆ ಇಳಿಯದೆ ಪ್ರಯೋಗಕ್ಕೆ ಇಳಿದರು. ಮದ್ದಿನಿಂದ ನೆಮ್ಮದಿಯಾಗಿದ್ದ 84 ಮಹಿಳೆಯರಲ್ಲಿ 45 ಮಂದಿಗೆ ಅದನ್ನೇ ಮುಂದುವರಿಸಿ, 39 ಮಂದಿಗೆ ಬರಿಯ ಮಾತ್ರೆ ಕೊಟ್ಟರು. ಇವರಲ್ಲಿ ಪದೇ ಪದೇ ಖಿನ್ನತೆಯೊಂದನ್ನೇ ಅನುಭವಿಸುತ್ತಿದ್ದವರೂ ಇದ್ದರು. ಐದು ತಿಂಗಳೊಳಗೆ 39ರಲ್ಲಿ 21 ಮಂದಿಗೆ ರೋಗ ಮರುಕಳಿಸಿತು; ಮದ್ದು ಪಡೆದವರಲ್ಲಿ ಒಬ್ಬರಿಗೂ ಇಲ್ಲ. 1970ರಲ್ಲಿ ಈ ಫಲ ಪ್ರಕಟವಾಯಿತು. ಅದೇ ವರ್ಷ ಅಮೆರಿಕವೂ ಉನ್ಮಾದದ ಚಿಕಿತ್ಸೆಗೆ ಲಿಥಿಯಮ್ಮನ್ನು ಅಂಗೀಕರಿಸಿತು. ನೋವುಳ್ಳವರ ಮದ್ದನ್ನು ಹೀಗೆ ಕಿತ್ತುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು, ಇಂದೂ ಅದು ಸುಲಭದ ಪ್ರಶ್ನೆಯಲ್ಲ.

ಕೇಡ್ ಅವರು 1952ರಿಂದ 1977ರವರೆಗೆ ಮೆಲ್ಬರ್ನಿನ ರಾಯಲ್ ಪಾರ್ಕ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. 1974ರಲ್ಲಿ ಸ್ಕೌ ಅವರೊಂದಿಗೆ ಕಿಟ್ಟೆ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಹಂಚಿಕೊಂಡರು. 1980ರ ನವೆಂಬರ್ 16ರಂದು ನಿಧನರಾದರು.

ಇಂದಿಗೂ ಲಿಥಿಯಮ್ ಸೇವಿಸುವ ರೋಗಿ ಗೊತ್ತುಪಡಿಸಿದ ಅವಧಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಅದರ ಫಲಿತಾಂಶವನ್ನು ನೋಡಿಯೇ ವೈದ್ಯರು ಮಾತ್ರೆಯ ಪ್ರಮಾಣವನ್ನು ನಿರ್ಧರಿಸುತ್ತಾರೆ.