ತನ್ನ ಬಣ್ಣವನ್ನು ತಾನೇ ಕಂಡುಕೊಂಡ ಕಲಾವಿದ: ಕೆ. ವೆಂಕಟಪ್ಪ

ಕೃಷ್ಣರಾಜನಗರವೆಂಬ ಹೆಸರನ್ನು ನಾವು ದಿನವೂ ಉಚ್ಚರಿಸುತ್ತೇವೆ. ಕಾವೇರಿಯ ಪ್ರವಾಹದಿಂದ ನೊಂದ ಎಡತೊರೆಯ ಜನರಿಗೆ ಹೊಸ ಊರನ್ನು ಕಟ್ಟಿಸಿಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಅದು. ಅದೇ ದೊರೆಯ ಆಶ್ರಯ ಪಡೆದಿದ್ದ ಚಿತ್ರಕಾರರೊಬ್ಬರ ಬದುಕನ್ನು ಈ ವಾರ ಓದುಗರೊಡನೆ ಸ್ಮರಿಸಲು ನಾವು ಬಯಸುತ್ತೇವೆ. ‘ನಾನು ಯಾರು, ಯಾವ ಕಾರ್ಯಕ್ಕಾಗಿ ಬಂದವನು?’ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಕೆ. ವೆಂಕಟಪ್ಪನವರು ಅದಕ್ಕೆ ಕುಂಚದಿಂದ ಉತ್ತರ ಹುಡುಕಿದರು.

1886ರಲ್ಲಿ ಮೈಸೂರಿನಲ್ಲಿ ಜನಿಸಿದ ವೆಂಕಟಪ್ಪನವರದು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನ. ಚಿನ್ನದ ರೇಕು, ನವುರಾದ ರೇಖೆ, ದೇವತಾಮೂರ್ತಿಗಳು: ಇವು ಮೈಸೂರು ಸಂಪ್ರದಾಯದ ಸಂಪತ್ತು. ಆದರೆ ಆ ವೇಳೆಗೆ ಪಾಶ್ಚಾತ್ಯ ರೀತಿಯ ತೈಲಚಿತ್ರಗಳೇ ಶ್ರೇಷ್ಠವೆಂಬ ಭಾವನೆ ಬಲಿತಿತ್ತು. ರಾಜಾ ರವಿವರ್ಮರ ಕೃತಿಗಳಿಗೆ ಅರಮನೆಯಲ್ಲಿಯೂ ಮನ್ನಣೆಯಿದ್ದಿತು. ತಂದೆ ತಾತಂದಿರ ಕಸುಬನ್ನು ಹಾಗೆಯೇ ಮುಂದುವರಿಸುವುದೋ, ಪರದೇಶದ ರೀತಿಯನ್ನು ಅನುಕರಿಸುವುದೋ? ಯುವಕ ವೆಂಕಟಪ್ಪನವರ ಮುಂದೆ ಈ ಎರಡು ದಾರಿಗಳಿದ್ದವು.

ಅವರು ಮೂರನೆಯ ದಾರಿ ಹಿಡಿದರು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು, 1909ರಲ್ಲಿ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಭಾರತೀಯ ಕಲಾವಿದನು ತನ್ನ ನಾಡಿನ ಪರಂಪರೆಯಿಂದಲೇ ಸ್ಫೂರ್ತಿ ಪಡೆಯಬೇಕೆಂದು ಆ ಗುರುಗಳು ಬಗೆದಿದ್ದರು. ಮೊಘಲ್ ಮತ್ತು ರಜಪೂತ ಕಿರುಚಿತ್ರಗಳೊಡನೆ ಜಪಾನಿನ ಜಲವರ್ಣದ ಹದವನ್ನೂ ಅವರು ಅರಗಿಸಿಕೊಂಡಿದ್ದರು. ನಂದಲಾಲ್ ಬೋಸ್ ಅವರೂ ಆ ಶಿಷ್ಯವೃಂದದವರೇ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಪ್ರಕಟವಾದಾಗ, ಅದರಲ್ಲಿನ ರಾಮಾಯಣದ ಚಿತ್ರಗಳನ್ನು ರಚಿಸಿದವರಲ್ಲಿ ಮೈಸೂರಿನ ಈ ತರುಣರೂ ಒಬ್ಬರಾಗಿದ್ದರು.

ಮೈಸೂರಿಗೆ ಹಿಂದಿರುಗಿದ ಬಳಿಕ ಅವರು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ರಾಗವನ್ನು ನಿಧಾನವಾಗಿ ಬಿಡಿಸುವ ತಾಳ್ಮೆ ಅವರ ಚಿತ್ರಗಳಲ್ಲಿಯೂ ಕಾಣುತ್ತದೆಂದು ನಮಗನಿಸುತ್ತದೆ. 1920ರ ದಶಕದಲ್ಲಿ ಅವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಅಲ್ಲಿ ದೇವತೆಗಳಿಲ್ಲ, ವೀರರಿಲ್ಲ. ಮಂಜು, ಮೋಡ, ಬೆಳುದಿಂಗಳು ಮಾತ್ರ ಇವೆ. ಭಾರತೀಯತೆಯನ್ನು ಪುರಾಣದಲ್ಲಿ ಅರಸಿದ್ದ ಕಲಾವಿದ ಈಗ ಅದನ್ನು ತನ್ನ ನೋಟದಲ್ಲಿಯೇ ಕಂಡುಕೊಂಡಿದ್ದರು.

ಇಲ್ಲಿ ನಾವು ಕ್ಷಣಕಾಲ ನಿಲ್ಲಬೇಕು. ಕುಲದಿಂದ ಬಂದದ್ದು ನಮ್ಮದೇ. ಆದರೆ ಅದನ್ನು ಅರಿತು ಆಯ್ದುಕೊಳ್ಳುವವರೆಗೆ ಅದು ಕೇವಲ ಆಸ್ತಿ, ಆತ್ಮವಲ್ಲ. ವೆಂಕಟಪ್ಪನವರು ತಮ್ಮತನವನ್ನು ಅರಿಯಲು ದೂರದ ವಂಗದೇಶಕ್ಕೆ ಹೋಗಬೇಕಾಯಿತು. ಅನ್ಯರಿಂದ ಕಲಿಯುವುದು ಬೇರು ಕೀಳುವುದಲ್ಲ. ಎಷ್ಟೋ ವೇಳೆ ಬೇರನ್ನು ಹುಡುಕುವ ಬಗೆಯೇ ಅದು.

ಇದಕ್ಕೆ ಅವರು ತೆತ್ತ ಬೆಲೆ ಅಲ್ಪವಲ್ಲ. ಅವರು ಮದುವೆಯಾಗಲಿಲ್ಲ. ಕಲೆಗಾಗಿ ಕಠಿಣ ಶಿಸ್ತಿನ ಏಕಾಂತ ಜೀವನ ನಡೆಸಿದರು. ಅವಿವಾಹಿತ ಜೀವನವನ್ನು ಒಂದು ಕರೆಗೆಂದು ಸ್ವೀಕರಿಸಿರುವ ನಮಗೆ ಅಂಥ ಏಕಾಂತದ ಬಲವೂ ಗೊತ್ತು, ಭಾರವೂ ಗೊತ್ತು. ಅರಮನೆಗಾಗಿ ಅವರು ಗಚ್ಚಿನ ಉಬ್ಬುಚಿತ್ರಗಳನ್ನು ರಚಿಸುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಆಸರೆ ತಪ್ಪಿತು. ಅವರು ಬೆಂಗಳೂರಿಗೆ ಬಂದು ನೆಲೆಸಿ, 1965ರಲ್ಲಿ ಕಾಲವಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಚಿತ್ರಶಾಲೆ ಇಂದು ಅವರ ಹೆಸರನ್ನು ಹೊತ್ತಿದೆ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿಯೂ ಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುವ ಮಕ್ಕಳಿದ್ದಾರೆ. ಅದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವುದು ಹೆತ್ತವರ ಹಕ್ಕು. ಆ ಕಳವಳ ನ್ಯಾಯವಾದುದೇ. ಆದರೆ ಗದರಿಸುವ ಮೊದಲು ಆ ಗೀಚನ್ನು ಒಮ್ಮೆ ಕಣ್ಣಿಟ್ಟು ನೋಡೋಣ. ಆ ಮಗುವಿನ ಬಾಳಿನ ಗುರಿ ಮೊದಲು ತಲೆಯೆತ್ತುವುದು ಅಲ್ಲಿಯೇ ಇರಬಹುದು.