ದೂರದರ್ಶಕದ ಶಿಲ್ಪಿ ವಿಲಿಯಂ ಹರ್ಷೆಲ್

ಬುಧ, ಶುಕ್ರ, ಮಂಗಳ, ಗುರು, ಶನಿ - ಈ ಐದು ಗ್ರಹಗಳನ್ನು ಮಾನವನು ಪುರಾತನ ಕಾಲದಿಂದಲೂ ಬರಿಗಣ್ಣಿನಿಂದ ಕಂಡು ಬಲ್ಲನು. ಸಾವಿರಾರು ವರ್ಷಗಳವರೆಗೆ ಈ ಸಾಲಿಗೆ ಹೊಸ ಗ್ರಹವೊಂದು ಸೇರಲಿಲ್ಲ. ಶನಿಯೇ ಗ್ರಹಮಂಡಲದ ಕೊನೆಯ ಗಡಿಯೆಂದು ಪಂಡಿತರೂ ಪಾಮರರೂ ನಂಬಿದ್ದರು. 1781ರಲ್ಲಿ ಆ ಗಡಿಯು ಒಮ್ಮೆಗೇ ಇಮ್ಮಡಿಯಷ್ಟು ದೂರಕ್ಕೆ ಸರಿಯಿತು. ಅದನ್ನು ಸರಿಸಿದವನು ಯಾವ ವೇಧಶಾಲೆಯ ಅಧಿಕಾರಿಯೂ ಅಲ್ಲ, ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೂ ಅಲ್ಲ. ಜೀವನೋಪಾಯಕ್ಕಾಗಿ ಸಂಗೀತವನ್ನು ಕಲಿಸುತ್ತ, ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ದರ್ಪಣಗಳನ್ನು ಉಜ್ಜುತ್ತಿದ್ದ ವಿಲಿಯಂ ಹರ್ಷೆಲನೇ ಅವನು.

ಹರ್ಷೆಲನು 1738ನೆಯ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಜನಿಸಿದನು. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯವನ್ನು ನುಡಿಸುತ್ತಿದ್ದನು. ಮನೆಯಲ್ಲಿ ಸಂಪತ್ತು ಹೆಚ್ಚಾಗಿರಲಿಲ್ಲ. ಆದರೆ ಸಂಗೀತಕ್ಕೂ ವಿಚಾರಗೋಷ್ಠಿಗೂ ಕೊರತೆಯಿರಲಿಲ್ಲ. ಹರ್ಷೆಲನೂ ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯಿದ್ದ ವಾದ್ಯವೃಂದವನ್ನೇ ಸೇರಿದನು. 1757ರಲ್ಲಿ ಯುದ್ಧದ ಕೋಲಾಹಲದ ನಡುವೆ ತಾಯ್ನಾಡನ್ನು ಬಿಟ್ಟು ಇಂಗ್ಲೆಂಡಿಗೆ ಬಂದನು. ಮೊದಲಲ್ಲಿ ಸ್ವರಲಿಪಿಗಳ ಪ್ರತಿಮಾಡಿ, ಅನಂತರ ಪಾಠ ಹೇಳಿ, ಹಲವು ವರ್ಷ ಕಷ್ಟದಿಂದ ಜೀವಿಸಿದನು. 1766ರಲ್ಲಿ ಬಾತ್ ನಗರದ ಪ್ರಾರ್ಥನಾಮಂದಿರವೊಂದರಲ್ಲಿ ಆರ್ಗನ್ ವಾದಕನ ಹುದ್ದೆ ದೊರೆತು ಅವನ ಬಾಳು ನೆಲೆಗೊಂಡಿತು.

ಹ್ಯಾನೋವರಿನಲ್ಲಿದ್ದ ತಂಗಿ ಕ್ಯಾರೋಲಿನಳನ್ನು ಅವನು ಮರೆತಿರಲಿಲ್ಲ. ಬಾಲ್ಯದಲ್ಲಿ ವಿಷಮಜ್ವರಕ್ಕೆ ತುತ್ತಾಗಿ ಆಕೆಯ ದೇಹದ ಬೆಳವಣಿಗೆ ಕುಂಠಿತವಾಗಿತ್ತು. ಮಗಳು ಮನೆಗೆಲಸ ಮಾಡಿಕೊಂಡಿದ್ದರೆ ಸಾಕೆಂಬುದು ತಾಯಿಯ ನಿಲುವು. ತಾಯಿಗೆ ಆಳೊಬ್ಬಳನ್ನು ಇಟ್ಟುಕೊಳ್ಳಲು ಹಣದ ಏರ್ಪಾಡು ಮಾಡಿ, ಹರ್ಷೆಲನು 1772ರಲ್ಲಿ ತಂಗಿಯನ್ನು ಬಾತ್ ನಗರಕ್ಕೆ ಕರೆತಂದನು. ಆಕೆಗೆ ಗಾಯನವನ್ನು ಕಲಿಸಬೇಕೆಂಬುದು ಅವನ ಸಂಕಲ್ಪವಾಗಿತ್ತು.

ಸಂಗೀತದ ನಾದಶಾಸ್ತ್ರವನ್ನು ಅರಿಯಲು ಹರ್ಷೆಲನು ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನ ಗ್ರಂಥವನ್ನು ಓದಿದ್ದನು. ಅದೇ ಗ್ರಂಥಕರ್ತನು ಬೆಳಕಿನ ಶಾಸ್ತ್ರವನ್ನು ಕುರಿತೂ ಬರೆದಿದ್ದನು. ಮಸೂರಗಳನ್ನೂ ದರ್ಪಣಗಳನ್ನೂ ದೂರದರ್ಶಕಗಳನ್ನೂ ತಯಾರಿಸುವ ಬಗೆ ಅದರಲ್ಲಿ ವಿವರವಾಗಿತ್ತು. ಹಗಲೆಲ್ಲ ಪಾಠ ಹೇಳಿ ದಣಿದ ಹರ್ಷೆಲನಿಗೆ ಈ ಗ್ರಂಥವೇ ರಾತ್ರಿಯ ಸಂಗಾತಿಯಾಯಿತು. ಪುಸ್ತಕದಲ್ಲಿ ಓದಿದ ಆಕಾಶವನ್ನು ಸ್ವತಃ ಕಣ್ಣಾರೆ ಕಾಣಬೇಕೆಂಬ ಹಂಬಲ ಅವನಲ್ಲಿ ದಿನೇ ದಿನೇ ಬಲಿಯಿತು.

1773ರಲ್ಲಿ ಅವನು ಮಸೂರಗಳನ್ನು ಕೊಂಡು ಉದ್ದವಾದ ಕೊಳವೆಗಳಲ್ಲಿ ಅಳವಡಿಸಿ ನೋಡಿದನು. ಮಸೂರವು ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಬಿಂಬದ ಅಂಚಿನಲ್ಲಿ ಬಣ್ಣಗಳು ಮೂಡಿ ಅದು ಮಸುಕಾಗುತ್ತದೆ. ಈ ದೋಷವನ್ನು ತಗ್ಗಿಸಲು ಕೊಳವೆಯನ್ನು ಉದ್ದ ಮಾಡಿದರೆ ಅದನ್ನು ಸ್ಥಿರವಾಗಿ ನಿಲ್ಲಿಸುವುದೇ ಕಷ್ಟ. ನಿಮ್ನ ದರ್ಪಣದಲ್ಲಿ ಈ ದೋಷವಿಲ್ಲ. ಅದು ಎಲ್ಲ ಬಣ್ಣಗಳನ್ನೂ ಒಂದೇ ಬಗೆಯಾಗಿ ಪ್ರತಿಫಲಿಸುತ್ತದೆ. ಆದರೆ ತನಗೆ ಬೇಕಾದಷ್ಟು ದೊಡ್ಡ ದರ್ಪಣ ಸಿದ್ಧವಾಗಿ ದೊರೆಯಲಿಲ್ಲ. ಮಾಡಿಸಲು ಕೇಳಿದ ಬೆಲೆಯೋ ಅವನಿಗೆ ಮಿತಿಮೀರಿದುದಾಗಿ ತೋರಿತು. ಕೊಳ್ಳಲಾಗದುದನ್ನು ತಾನೇ ಮಾಡುವುದೆಂದು ಅವನು ನಿಶ್ಚಯಿಸಿದನು. ಇಂಥ ಹವ್ಯಾಸವನ್ನು ಕೈಬಿಡುತ್ತಿದ್ದ ಬಾತ್ ನಗರದ ಒಬ್ಬನಿಂದ ಹಳೆಯ ಉಪಕರಣಗಳನ್ನೂ ಅರೆಬರೆ ಸಿದ್ಧವಾಗಿದ್ದ ದರ್ಪಣಗಳನ್ನೂ ಕೊಂಡು ತಂದನು.

ಅಂದಿನಿಂದ ಮನೆಯು ಮನೆಯಾಗಿ ಉಳಿಯಲಿಲ್ಲ. ಅಂದವಾಗಿ ಅಲಂಕರಿಸಿದ್ದ ಹಜಾರದಲ್ಲಿ ಬಡಗಿಯು ಕೊಳವೆಗಳನ್ನೂ ಪೀಠಗಳನ್ನೂ ಮಾಡತೊಡಗಿದನು. ತಮ್ಮ ಅಲೆಕ್ಸಾಂಡರನು ಮಲಗುವ ಕೋಣೆಯೊಂದರಲ್ಲಿ ಲೇತ್ ಯಂತ್ರವನ್ನು ಹೂಡಿದನು. ಸಂಗೀತ ಕಚೇರಿಯಿಂದ ಮರಳಿದ ಹರ್ಷೆಲನಿಗೆ ಉಡುಪು ಬದಲಿಸುವಷ್ಟು ವ್ಯವಧಾನವೂ ಇರಲಿಲ್ಲ. ಅವನ ಅಂಗಿಯ ಕಸೂತಿ ತೋಳಂಚುಗಳು ಹರಿದುಹೋಗುತ್ತಿದ್ದುವು. ಕಾದ ರಾಳ ಸಿಡಿದು ಹಾಳಾಗುತ್ತಿದ್ದುವು.

ಆ ಕಾಲದ ದರ್ಪಣಗಳು ಗಾಜಿನವಲ್ಲ, ಲೋಹದವು. ತಾಮ್ರಕ್ಕೆ ತವರವನ್ನು ಬೆರೆಸಿ ಎರಕ ಹೊಯ್ದು, ಆ ಬಿಲ್ಲೆಯನ್ನು ಉಜ್ಜಿ ಉಜ್ಜಿ ನಡುವೆ ತಗ್ಗಾಗುವಂತೆ ಮಾಡಬೇಕು. ಬಳಿಕ ರಾಳ ಬಳಿದ ಅಚ್ಚಿನ ಮೇಲೆ ತಿಕ್ಕಿ ಹೊಳಪು ಕೊಡಬೇಕು. ತಗ್ಗಿನ ಬಾಗು ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ತಪ್ಪಿದರೂ ನಕ್ಷತ್ರದ ಬಿಂಬ ಕದಡಿಹೋಗುತ್ತದೆ. ಹೀಗಾಗಿ ಹೊಳಪು ಕೊಡುವಾಗ ಅವನು ನಡುವೆ ಕೈ ತೆಗೆಯುತ್ತಿರಲಿಲ್ಲ. ಏಳು ಅಡಿಯ ದೂರದರ್ಶಕದ ದರ್ಪಣವೊಂದನ್ನು ಮುಗಿಸಲು ಒಮ್ಮೆ 16 ಗಂಟೆಗಳ ಕಾಲ ಎಡೆಬಿಡದೆ ದುಡಿದನು. ಆಗ ಕ್ಯಾರೋಲಿನಳು ತುತ್ತು ಮಾಡಿ ಅವನ ಬಾಯಿಗೆ ಇಡುತ್ತಿದ್ದಳು. ಬೇಸರ ಕಳೆಯಲೆಂದು ಕಥೆಗಳನ್ನು ಓದಿ ಹೇಳುತ್ತಿದ್ದಳು.

1781ನೆಯ ಮಾರ್ಚ್ 13ರ ರಾತ್ರಿ ಹತ್ತು ಗಂಟೆ ಮೀರಿತ್ತು. ಹರ್ಷೆಲನು ಮನೆಯ ಹಿತ್ತಲಿನಲ್ಲಿ ತನ್ನ ಏಳು ಅಡಿಯ ದೂರದರ್ಶಕದಿಂದ ವೃಷಭ ಮತ್ತು ಮಿಥುನ ರಾಶಿಗಳ ನಡುವಣ ನಕ್ಷತ್ರಗಳನ್ನು ಪರೀಕ್ಷಿಸುತ್ತಿದ್ದನು. ಅವುಗಳಲ್ಲೊಂದು ಉಳಿದವುಗಳಿಗಿಂತ ದಪ್ಪನಾಗಿ ಕಂಡಿತು. ಅವನು 227 ಪಟ್ಟು ಇದ್ದ ವರ್ಧನೆಯನ್ನು 460ಕ್ಕೂ, ಬಳಿಕ 932ಕ್ಕೂ ಏರಿಸಿದನು. ನಿಜವಾದ ನಕ್ಷತ್ರಗಳು ಅದೇ ಪ್ರಮಾಣದಲ್ಲಿ ಹಿಗ್ಗಲಿಲ್ಲ. ಇದು ಮಾತ್ರ ಬಿಲ್ಲೆಯಂತೆ ಹಿಗ್ಗಿತು. ನಾಲ್ಕು ದಿನಗಳ ಬಳಿಕ ನೋಡಿದಾಗ ಅದು ಸ್ಥಳ ಬದಲಿಸಿತ್ತು. ಅದು ಧೂಮಕೇತುವಿರಬಹುದೆಂದು ಹರ್ಷೆಲನು ಭಾವಿಸಿದನು. ಲೆಕ್ಸೆಲ್ ಮೊದಲಾದ ಗಣಿತಜ್ಞರು ಅದರ ಕಕ್ಷೆಯನ್ನು ಲೆಕ್ಕಹಾಕಿ, ಅದು ಶನಿಗಿಂತ ಸುಮಾರು ಎರಡರಷ್ಟು ದೂರದಲ್ಲಿ ಸೂರ್ಯನನ್ನು ಸುತ್ತುವ ಗ್ರಹವೆಂದು ತೋರಿಸಿದರು. ಅದೇ ಇಂದಿನ ಯುರೇನಸ್.

ಇದನ್ನು ಬರಿಯ ಅದೃಷ್ಟವೆಂದವರುಂಟು. ಆದರೆ ಅದೇ ಗ್ರಹವು ಅದಕ್ಕೆ ಮೊದಲೇ ಹಲವರ ಕಣ್ಣಿಗೆ ಬಿದ್ದಿತ್ತು. ಇಂಗ್ಲೆಂಡಿನ ರಾಜಖಗೋಳಜ್ಞನಾಗಿದ್ದ ಫ್ಲ್ಯಾಮ್‌ಸ್ಟೀಡನು 1690ರಲ್ಲಿಯೇ ಅದನ್ನು ನಕ್ಷತ್ರವೆಂದು ತನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದನು. ಅವರ ಉಪಕರಣಗಳಲ್ಲಿ ಬರಿಯ ಚುಕ್ಕೆಯಾಗಿ ಕಂಡದ್ದು ಹರ್ಷೆಲನ ದರ್ಪಣದಲ್ಲಿ ಬಿಲ್ಲೆಯಾಗಿ ಕಂಡಿತು. ವರ್ಷಗಟ್ಟಲೆ ಉಜ್ಜಿದ ಕೈ, ವರ್ಷಗಟ್ಟಲೆ ಪಳಗಿದ ಕಣ್ಣು - ಇವೇ ಅವನ ಅದೃಷ್ಟ.

ಅಷ್ಟಕ್ಕೇ ಅವನು ತೃಪ್ತನಾಗಲಿಲ್ಲ. ಅದೇ ವರ್ಷ ಮೂರು ಅಡಿ ಅಗಲದ ದರ್ಪಣವನ್ನು ಎರಕ ಹೊಯ್ಯಲು ಮನೆಯ ನೆಲಮಾಳಿಗೆಯಲ್ಲಿ ಕುಲುಮೆಯನ್ನು ಕಟ್ಟಿಸಿದನು. ಅಚ್ಚಿಗೆಂದು ಕುದುರೆಯ ಲದ್ದಿಯನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿಯುವ ಕೆಲಸದಲ್ಲಿ ಕ್ಯಾರೋಲಿನಳೂ ನೆರವಾದಳು. ಮೊದಲ ಎರಕ ತಣಿಯುವಾಗ ಬಿರುಕುಬಿಟ್ಟಿತು. ಎರಡನೆಯ ಸಲ ಕುಲುಮೆಯೇ ಸೋರಿ, ಕರಗಿದ ಲೋಹ ನೆಲದ ಮೇಲೆ ಹರಿಯಿತು. ಕಾವಿಗೆ ಹಾಸುಗಲ್ಲುಗಳು ಸಿಡಿದು ಸೂರಿನವರೆಗೂ ಹಾರಿದುವು. ಎಲ್ಲರೂ ಬಾಗಿಲುಗಳತ್ತ ಓಡಿದರು. ಬಳಲಿದ ಹರ್ಷೆಲನು ಇಟ್ಟಿಗೆಚೂರುಗಳ ರಾಶಿಯ ಮೇಲೆ ಕುಸಿದನು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ.

1782ರಲ್ಲಿ ಅವನು ತನ್ನ ದೂರದರ್ಶಕವನ್ನು ಗ್ರೀನಿಚ್ ವೇಧಶಾಲೆಗೆ ಒಯ್ದನು. ಹೋಲಿಸಿ ನೋಡಲಾಗಿ, ಮನೆಯಲ್ಲಿ ಮಾಡಿದ ಆ ಉಪಕರಣವೇ ರಾಜವೇಧಶಾಲೆಯ ಉಪಕರಣಗಳಿಗಿಂತ ಮೇಲೆನಿಸಿತು. ದೊರೆ ಮೂರನೆಯ ಜಾರ್ಜ್ ಅವನಿಗೆ ವರ್ಷಕ್ಕೆ 200 ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಸಂಗೀತದ ವರಮಾನಕ್ಕಿಂತ ಇದು ಕಡಿಮೆಯಾಗಿದ್ದರೂ ಹರ್ಷೆಲನು ಹಿಂಜರಿಯದೆ ಒಪ್ಪಿಕೊಂಡನು.

ಅಣ್ಣನ ಈ ನಿರ್ಧಾರದಿಂದ ಕ್ಯಾರೋಲಿನಳ ಬಾಳಿನ ದಾರಿಯೂ ಬದಲಾಯಿತು. ಬಾತ್ ನಗರದಲ್ಲಿ ಆಕೆ ಮುಖ್ಯ ಗಾಯಕಿಯಾಗಿ ಹೆಸರು ಪಡೆದಿದ್ದಳು. ಬೇರೆ ಊರಿನಿಂದ ಕರೆಯೂ ಬಂದಿತ್ತು. ಅಣ್ಣನ ಜೊತೆಯಲ್ಲದೆ ಹಾಡಲಾರೆನೆಂದು ಅದನ್ನು ನಿರಾಕರಿಸಿದ್ದಳು. ಈಗ ಆ ಕಂಠವೇ ಮೌನವಾಯಿತು. ಅಣ್ಣನು ಕತ್ತಲೆಯಲ್ಲಿ ನೋಡಿ ಹೇಳಿದುದನ್ನು ಬರೆದುಕೊಂಡು, ಹಗಲು ಲೆಕ್ಕಮಾಡಿ, ಪಟ್ಟಿಗಳನ್ನು ಸಿದ್ಧಪಡಿಸುವುದೇ ಆಕೆಯ ಕಾಯಕವಾಯಿತು. ಆಕೆಯೇ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1787ರಿಂದ ಆಕೆಗೆ ವರ್ಷಕ್ಕೆ 50 ಪೌಂಡುಗಳ ವೇತನ ದೊರೆಯಿತು.

ಹರ್ಷೆಲನು ಯುರೇನಸ್ಸಿನ ಎರಡು ಉಪಗ್ರಹಗಳನ್ನೂ ಶನಿಯ ಎರಡು ಉಪಗ್ರಹಗಳನ್ನೂ ಕಂಡನು. ಸುಮಾರು 2,500 ನೀಹಾರಿಕೆಗಳನ್ನೂ ನಕ್ಷತ್ರಗುಚ್ಛಗಳನ್ನೂ ಪಟ್ಟಿಮಾಡಿದನು. 1789ರಲ್ಲಿ 40 ಅಡಿ ಉದ್ದದ ಮಹಾ ದೂರದರ್ಶಕವನ್ನು ಪೂರ್ಣಗೊಳಿಸಿದನು. 1800ರಲ್ಲಿ ಪಟ್ಟಕವೊಂದರಿಂದ ಸೂರ್ಯನ ಬೆಳಕನ್ನು ಬಿಡಿಸಿ, ಕೆಂಪು ಬಣ್ಣದಾಚೆ ಬರಿದಾಗಿ ಕಾಣುವ ಎಡೆಯಲ್ಲಿ ಉಷ್ಣಮಾಪಕವನ್ನಿಟ್ಟನು. ಪಾದರಸವು ಮೇಲೇರಿತು. ಹೀಗೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಇರವು ಬೆಳಕಿಗೆ ಬಂದಿತು.

1822ನೆಯ ಆಗಸ್ಟ್ 25ರಂದು ಹರ್ಷೆಲನು ನಿಧನಹೊಂದಿದನು. ಕ್ಯಾರೋಲಿನಳು ಹ್ಯಾನೋವರಿಗೆ ಮರಳಿ, ಅಣ್ಣನ ನೀಹಾರಿಕೆಗಳ ಪಟ್ಟಿಯನ್ನು ಕ್ರಮಪಡಿಸಿದಳು. ಅದಕ್ಕಾಗಿ 1828ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನ ಸಂಘವು ಆಕೆಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. 97 ವರ್ಷಗಳ ತುಂಬುಬಾಳನ್ನು ಬಾಳಿ ಆಕೆ 1848ರಲ್ಲಿ ತೀರಿಕೊಂಡಳು. ಯುರೇನಸ್ಸನ್ನು ಕಂಡ ಬಾತ್ ನಗರದ ಆ ಮನೆಯನ್ನು ಇಂದು ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ. ಸಾಧನಗಳಿಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳದೆ, ಸಾಧನಗಳನ್ನೇ ಸೃಷ್ಟಿಸಿಕೊಂಡ ಅಣ್ಣನ ಛಲವನ್ನೂ, ತನ್ನ ಕಲೆಯನ್ನು ಬದಿಗಿಟ್ಟು ಆ ಛಲಕ್ಕೆ ಹೆಗಲುಕೊಟ್ಟ ತಂಗಿಯ ತ್ಯಾಗವನ್ನೂ ಅದು ನೋಡುಗರಿಗೆ ನೆನಪಿಸುತ್ತದೆ.