ಗಿರಿಯೇ ಲಿಂಗ, ಗಿಡಮರವೇ ಪರಿವಾರ



ಬೆಟ್ಟ ಕಂಡಲ್ಲಿ ಕೈಮುಗಿಯುವ ಜನ ನಾವು. ಊರ ಮಗ್ಗುಲಿನ ಗುಡ್ಡದ ಮೇಲೊಂದು ಗುಡಿ, ಗುಡಿಯ ಮುಂದೊಂದು ಪತ್ರಿಯ ಗಿಡ, ಅದರ ನೆರಳಲ್ಲೊಂದು ಕಲ್ಲಿನ ಬಸವಣ್ಣ ಇದ್ದರೆ ಸಾಕು, ವರುಷಕ್ಕೊಮ್ಮೆ ಜಾತ್ರೆ ಮಾಡಿ ತೇರು ಎಳೆಯುತ್ತೇವೆ. ಆದರೆ ಗುಡಿ ದೇವರದು, ಗುಡ್ಡ ಯಾರದೂ ಅಲ್ಲ ಎಂಬ ಅವಿವೇಕ ನಮ್ಮಲ್ಲಿ ಬೆಳೆದಿದೆ. ಬೆಟ್ಟವೆಲ್ಲವೂ ಶಿವನ ದೇಹವೆಂದು ನಂಬಿ, ಅದರ ಗಿಡಮರ ಪಶುಪಕ್ಷಿಗಳ ನಡುವೆ ಐವತ್ತಮೂರು ವರುಷ ಬಾಳಿದ ಮಹಾತ್ಮರೊಬ್ಬರ ಚರಿತ್ರೆಯನ್ನು ಇಂದು ಚಿಂತಿಸೋಣ. ಅವರೇ ಅರುಣಾಚಲದ ಶ್ರೀ ರಮಣ ಮಹರ್ಷಿಗಳು.

ಅರುಣಾಚಲವಿರುವುದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಎತ್ತರ 814 ಮೀಟರ್. ಪಂಚಭೂತ ಲಿಂಗಗಳಲ್ಲಿ ಅದು ಅಗ್ನಿಲಿಂಗದ ಕ್ಷೇತ್ರ. ಕಾರ್ತಿಕ ಮಾಸದಲ್ಲಿ ಶಿಖರದ ಮೇಲೆ ಮಹಾದೀಪ ಬೆಳಗುತ್ತದೆ. ಬೆಟ್ಟವನ್ನೇ ಲಿಂಗವೆಂದು ತಿಳಿದ ಭಕ್ತರು ಸುಮಾರು 14 ಕಿಲೋಮೀಟರ್ ದೂರ ಬರಿಗಾಲಲ್ಲಿ ನಡೆದು ಅದಕ್ಕೆ ಪ್ರದಕ್ಷಿಣೆ ಬರುತ್ತಾರೆ.

ಮಹರ್ಷಿಗಳು ಹುಟ್ಟಿದ್ದು 1879ನೆಯ ಇಸವಿ ಡಿಸೆಂಬರ್ 30ರಂದು, ತಿರುಚ್ಚುಳಿ ಎಂಬ ಊರಿನಲ್ಲಿ. ತಂದೆ ಸುಂದರಂ ಅಯ್ಯರ್, ತಾಯಿ ಅಳಗಮ್ಮಾಳ್. ಹುಟ್ಟುಹೆಸರು ವೆಂಕಟರಾಮನ್. ತಂದೆ ತೀರಿಕೊಂಡ ಮೇಲೆ ಬಾಲಕನು ಮಧುರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದನು. ಹದಿನಾರನೆಯ ವಯಸ್ಸಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಸಾವಿನ ಭಯ ಅವನನ್ನು ಆವರಿಸಿತು. ಅವನು ಹೆದರಿ ಓಡಲಿಲ್ಲ. ನೆಲದ ಮೇಲೆ ಮಲಗಿ, ಸಾಯುವುದು ಯಾರು ಎಂದು ತನ್ನನ್ನೇ ಕೇಳಿಕೊಂಡನು. ಸಾಯುವುದು ದೇಹ, ತಾನು ಸಾಯುವವನಲ್ಲ ಎಂಬ ಅರಿವು ಅಂದೇ ನೆಲೆಗೊಂಡಿತು. 1896ರ ಆಗಸ್ಟ್ 29ರಂದು, ಅಣ್ಣನ ಶುಲ್ಕಕ್ಕೆಂದು ಇದ್ದ ಐದು ರೂಪಾಯಿಯಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು, ಉಳಿದ ಎರಡರ ಜೊತೆ ಒಂದು ಚೀಟಿ ಬರೆದಿಟ್ಟು ಮನೆ ಬಿಟ್ಟನು. ಸೆಪ್ಟೆಂಬರ್ 1ರಂದು ಅರುಣಾಚಲವನ್ನು ಸೇರಿದನು. ಆಮೇಲೆ ಆ ಕ್ಷೇತ್ರವನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಮೊದಲು ದೇವಾಲಯದ ಸಾವಿರ ಕಂಬದ ಮಂಟಪ, ಬಳಿಕ ಪಾತಾಳಲಿಂಗದ ನೆಲಮಾಳಿಗೆ. ಇರುವೆ ಹುಳುಗಳು ತೊಡೆಯನ್ನು ಕಚ್ಚಿ ವ್ರಣವಾದರೂ ಆ ಬಾಲಯೋಗಿಗೆ ಎಚ್ಚರವಿರಲಿಲ್ಲ. ಮುಂದೆ ಊರ ಹೊರಗಿನ ಗುರುಮೂರ್ತಂ, ಅದರ ಪಕ್ಕದ ಮಾವಿನ ತೋಪು. ಕೊನೆಗೆ ಬೆಟ್ಟವನ್ನೇರಿ 1899ರಿಂದ 1916ರವರೆಗೆ ವಿರೂಪಾಕ್ಷ ಗುಹೆಯಲ್ಲಿ ನೆಲೆಸಿದರು.

ಈ ಗುಹೆಯ ಹೆಸರು ಕೇಳಿದರೆ ನಮ್ಮ ಮನಸ್ಸು ಅರಳುತ್ತದೆ. ಹಿಂದೆ ಅಲ್ಲಿ ತಪಸ್ಸು ಮಾಡಿದ ವಿರೂಪಾಕ್ಷದೇವರು, ಅವರ ಜೊತೆಯವರಾದ ಗುಹೈ ನಮಶ್ಶಿವಾಯರು ಕನ್ನಡ ನಾಡಿನ ಕಡೆಯಿಂದ ಹೋದ ವೀರಶೈವ ಶಿವಯೋಗಿಗಳೆಂದು ಪರಂಪರೆ ಹೇಳುತ್ತದೆ. ವಿರೂಪಾಕ್ಷದೇವರ ಕಾಯವು ಭಸ್ಮವಾಗಿ ಅಲ್ಲಿಯೇ ನಿಂತಿತೆಂದು ಪ್ರತೀತಿ. ಆ ಭಸ್ಮದ ಗದ್ದುಗೆಯ ಸನ್ನಿಧಿಯಲ್ಲಿಯೇ ರಮಣರು ಹದಿನೇಳು ವರುಷ ಕಳೆದರು.

ಆ ಕಾಲದ ಒಂದು ಸಂಗತಿಯನ್ನು ನಾವು ಮತ್ತೆ ಮತ್ತೆ ನೆನೆಯಬೇಕು. ಸಮಾಜವು ಕೆಳಗಿನವರೆಂದು ದೂರವಿಟ್ಟಿದ್ದ ಬಡ ಹೆಣ್ಣುಮಕ್ಕಳು ನಸುಕಿನಲ್ಲಿಯೇ ಬೆಟ್ಟ ಹತ್ತಿ ಹುಲ್ಲು ಕೊಯ್ಯುತ್ತಿದ್ದರು. ನಡುಮಧ್ಯಾಹ್ನ ಬಿಸಿಲಿಗೆ ಬೆಂದು ಬಾಯಾರಿ ಗುಹೆಯ ಬಳಿ ಬರುತ್ತಿದ್ದರು. ತೀರ್ಥದ ನೀರನ್ನು ಮುಟ್ಟಲು ಅವರಿಗೆ ಜನರ ಅಂಜಿಕೆ. ರಮಣರು ಅವರ ಬರವಿಗೆ ಮೊದಲೇ ನೀರು ತುಂಬಿಟ್ಟುಕೊಂಡು ಕಾಯುತ್ತಿದ್ದರು. ಅವರು ಬೊಗಸೆಯೊಡ್ಡಿ ಕುಡಿದು, ತಲೆಬಾಗಿ ನಿಂತರೆ ಮೈಮೇಲೂ ನೀರು ಸುರಿಯುತ್ತಿದ್ದರು. ಹಿಡಿ ಅಕ್ಕಿಗೆ ಬಹಳ ನೀರು ಹಾಕಿ, ಸ್ವಲ್ಪ ಶುಂಠಿ ಸೇರಿಸಿ ಕಾಯಿಸಿದ ಗಂಜಿಯೂ ಅವರಿಗೆ ಸಲ್ಲುತ್ತಿತ್ತು. ಬೆಟ್ಟವನ್ನು ಲಿಂಗವೆಂದವರು ಬೆಟ್ಟವನ್ನು ನಂಬಿ ಬದುಕುವವರನ್ನೂ ಲಿಂಗದ ಪರಿವಾರವೆಂದು ಕಂಡರು. ಇದಲ್ಲವೇ ದಾಸೋಹ!

ಒಮ್ಮೆ ಬೆಟ್ಟದ ಮೇಲೆ ತಿರುಗಾಡುವಾಗ ಅವರ ತೊಡೆ ಪೊದೆಯೊಂದಕ್ಕೆ ತಗುಲಿತು. ಒಳಗೆ ಕಡಜದ ಹುಳುಗಳ ಗೂಡಿತ್ತು. ಹುಳುಗಳು ಎದ್ದು, ತಗುಲಿದ ಆ ಕಾಲನ್ನೇ ಮುತ್ತಿದವು. ಅವರು ಓಡಲಿಲ್ಲ, ಕೊಡವಲಿಲ್ಲ. ತಪ್ಪು ಮಾಡಿದ ಕಾಲು ಶಿಕ್ಷೆ ಉಣ್ಣಲಿ ಎಂದು ಹುಳುಗಳ ಕೋಪ ತಣಿಯುವವರೆಗೆ ನಿಂತರು. ಕಾಲು ಬಾತು ಬಹಳ ನೋವಾಯಿತು. ಅರಿಯದೆ ಆದ ತಪ್ಪಿಗೂ ಹುಳುಗಳ ಮನೆ ಕೆಡಿಸಿದೆನಲ್ಲಾ ಎಂಬ ಪಶ್ಚಾತ್ತಾಪ ಅವರದು. ಇನ್ನು ಅರಿತರಿತೇ ಕೊಡಲಿ ಎತ್ತುವ ನಾವು ಯಾವ ಮುಖದಿಂದ ಬೆಟ್ಟದ ಮುಂದೆ ನಿಲ್ಲಬೇಕು?

1916ರಲ್ಲಿ ಅವರು ಇನ್ನೂ ಮೇಲಿನ ಸ್ಕಂದಾಶ್ರಮಕ್ಕೆ ಹೋದರು. ತಾಯಿಯೂ ಬಂದು ಜೊತೆಗಿದ್ದರು. 1922ರ ಮೇ 19ರಂದು ತಾಯಿ ದೇಹ ಬಿಟ್ಟಾಗ ಬೆಟ್ಟದ ದಕ್ಷಿಣ ತಪ್ಪಲಲ್ಲಿ ಸಮಾಧಿ ಮಾಡಲಾಯಿತು. ಅದೇ ವರುಷದ ಕೊನೆಗೆ ರಮಣರೂ ಅಲ್ಲಿಗೆ ಇಳಿದು ಬಂದರು. ಆ ತಪ್ಪಲಿನಲ್ಲಿಯೇ ರಮಣಾಶ್ರಮ ಬೆಳೆಯಿತು.

ಆಶ್ರಮದಲ್ಲಿ ಅಳಿಲುಗಳು ಅವರ ಆಸನಕ್ಕೇ ಏರಿ ಕೈಯಿಂದ ಕಾಳು ತಿನ್ನುತ್ತಿದ್ದವು. ನವಿಲು, ಕೋತಿ, ನಾಯಿಗಳಿಗೆ ತಡೆಯಿರಲಿಲ್ಲ. ಪ್ರಾಣಿಗಳನ್ನು ಅವರು ಎಂದೂ ಅದು, ಇದು ಎನ್ನಲಿಲ್ಲ. ಅವನು, ಅವಳು ಎಂದೇ ಕರೆದರು. ಮೊದಲು ಪ್ರಾಣಿಗಳಿಗೆ, ಬಳಿಕ ಭಿಕ್ಷುಕರಿಗೆ, ಆಮೇಲೆ ಭಕ್ತರಿಗೆ ಊಟ. ಇದು ಅಲ್ಲಿಯ ಪಂಕ್ತಿಯ ಕ್ರಮ. 1926ರಲ್ಲಿ ಕರುವಾಗಿ ಬಂದ ಲಕ್ಷ್ಮಿ ಎಂಬ ಹಸು 1948ರ ಜೂನ್ 18ರಂದು ಪ್ರಾಣ ಬಿಡುವ ಮುನ್ನ ಅವರು ಪಕ್ಕದಲ್ಲಿ ಕುಳಿತು ಅದರ ತಲೆಯ ಮೇಲೆ ಕೈಯಿಟ್ಟಿದ್ದರು. ಲಕ್ಷ್ಮಿಯ ಸಮಾಧಿ ಇಂದಿಗೂ ಆಶ್ರಮದಲ್ಲಿದೆ. ಅದರ ಬಳಿಯಲ್ಲೇ ಒಂದು ಜಿಂಕೆಗೆ, ಒಂದು ಕಾಗೆಗೆ, ಒಂದು ನಾಯಿಗೆ ಸಮಾಧಿಗಳಿವೆ.

ಗಿಡಮರಗಳ ಮೇಲೂ ಅದೇ ಕರುಣೆ. ಎಚ್ಚಮ್ಮ ಎಂಬ ಭಕ್ತೆ ಲಕ್ಷ ಪತ್ರೆಯ ಪೂಜೆಯ ವ್ರತ ಹಿಡಿದಿದ್ದರು. ಬೇಸಿಗೆ ಬಂದು ಎಲ್ಲಿಯೂ ಎಲೆ ಸಾಲದಾಯಿತು. ಏನು ಮಾಡಲೆಂದು ಬಂದು ಕೇಳಿದಾಗ ರಮಣರು, ಎಲೆ ಸಿಗದಿದ್ದರೆ ನಿನ್ನ ಮೈಯನ್ನೇ ಲಕ್ಷ ಸಲ ಚಿವುಟಿಕೊಂಡು ಪೂಜಿಸಬಾರದೇ ಎಂದರು. ಮೈಗೆ ನೋವಾಗದೇ ಎಂದು ಆಕೆ ಬೆದರಿದಾಗ, ಗಿಡಕ್ಕೂ ಹಾಗೆಯೇ ನೋವಾಗುತ್ತದೆಂದು ತಿಳಿಸಿದರು. ಇನ್ನೊಮ್ಮೆ ಆಳುಗಳು ಮಾವಿನ ಮರವನ್ನು ಕೋಲಿನಿಂದ ಬಡಿದು ಕಾಯಿ ಉದುರಿಸುತ್ತಿದ್ದರು. ಕಾಯಿಗಿಂತ ಎಲೆಯೇ ಹೆಚ್ಚು ಬಿದ್ದಿತ್ತು. ಶಾಂತಮೂರ್ತಿಗಳು ಅಂದು ಗದರಿದರು. ಹಣ್ಣು ಕೊಟ್ಟ ಮರಕ್ಕೆ ಪೆಟ್ಟೇ ಉಡುಗೊರೆಯೇ ಎಂಬುದು ಅವರ ಪ್ರಶ್ನೆ. ಪತ್ರಿಯೇರಿಸುವ ನಮಗೆಲ್ಲ ಈ ಮಾತು ನಾಟಬೇಕು. ಪೂಜೆ ಬೇಡವೆಂದಲ್ಲ, ಬಾಗಿಸಿ ಟೊಂಗೆ ಮುರಿದ ಪತ್ರಿ ಶಿವನಿಗೆ ಭಾರವಾದೀತು ಎಂದು ತಿಳಿಯಬೇಕು.

ಕೊನೆಗಾಲದಲ್ಲಿ ಅವರ ಎಡಗೈಗೆ ಅರ್ಬುದ ರೋಗ ಬಂದಿತು. ನಾಲ್ಕು ಸಲ ಶಸ್ತ್ರಚಿಕಿತ್ಸೆಯಾದರೂ ಗುಣವಾಗಲಿಲ್ಲ. ಆ ಕಡೆಯ ದಿನಗಳ ಬಾಧೆಯಲ್ಲಿಯೂ ನವಿಲಿನ ಕೂಗು ಕಿವಿಗೆ ಬಿದ್ದಾಗ, ಅದಕ್ಕೆ ಮೇವು ಹಾಕಿದರೇ ಎಂದು ವಿಚಾರಿಸಿದರು. 1950ರ ಏಪ್ರಿಲ್ 14ರ ರಾತ್ರಿ 8 ಗಂಟೆ 47 ನಿಮಿಷಕ್ಕೆ ಲಿಂಗೈಕ್ಯರಾದರು. ಆ ಕ್ಷಣದಲ್ಲಿ ಆಕಾಶದಲ್ಲೊಂದು ಜ್ಯೋತಿ ಬೆಟ್ಟದ ಕಡೆಗೆ ಸರಿದುದನ್ನು ಹಲವರು ಕಂಡರು.

ಮುಂದಿನ ಕಥೆಯನ್ನೂ ಹೇಳಬೇಕು. ಚಿರತೆ ಬಂದು ನೀರು ಕುಡಿದು ಹೋಗುತ್ತಿದ್ದ ಆ ಬೆಟ್ಟ ಸೌದೆ ಕಡಿತದಿಂದ, ಮೇವಿನ ಹಾವಳಿಯಿಂದ, ಬೇಸಿಗೆಯ ಬೆಂಕಿಯಿಂದ ಬೋಳಾಯಿತು. 1980ರ ದಶಕದ ಕೊನೆಯಿಂದ ಸ್ವಯಂಸೇವಕರು ಸಸಿ ನೆಟ್ಟು, ಬೆಂಕಿ ರೇಖೆ ಕಡಿದು, ಬೇಸಿಗೆಯಲ್ಲಿ ಕಾವಲು ಕಾದರು. ಬಂಡೆಯ ಸಂದುಗಳಲ್ಲಿ ಮತ್ತೆ ಹಸಿರು ಚಿಗುರಿತು, ಹಕ್ಕಿಗಳು ಮರಳಿದವು. ಆದರೂ ತಪ್ಪಲಿನವರೆಗೆ ಮನೆಗಳು ಏರಿವೆ. 2024ರ ಡಿಸೆಂಬರ್ 1ರಂದು, ಚಂಡಮಾರುತದ ಮಹಾಮಳೆಗೆ ಬೆಟ್ಟದ ಮಣ್ಣು ಬಂಡೆಗಳು ಜರಿದು ಏಳು ಜೀವಗಳು ಹೋದವು. ಅವರಲ್ಲಿ ಮಕ್ಕಳೂ ಇದ್ದರು. ಮಳೆ ನಮ್ಮ ಕೈಯಲ್ಲಿಲ್ಲ. ಮಣ್ಣನ್ನು ಹಿಡಿದಿಡುವ ಬೇರು ಮಾತ್ರ ನಮ್ಮ ಕೈಯಲ್ಲಿದೆ.

ಭಕ್ತರೇ, ನಮ್ಮ ಊರ ಗುಡ್ಡಗಳೂ ಅರುಣಾಚಲಗಳೇ. ಹೊಸ ಹುಲ್ಲು ಬರಲೆಂದು ಗುಡ್ಡಕ್ಕೆ ಬೆಂಕಿಯಿಡುವ ರೂಢಿಯನ್ನು ಈ ವರುಷ ಬಿಡೋಣ. ಜಾತ್ರೆಯ ಹರಕೆಯಲ್ಲಿ ಒಂದು ಸಸಿಯನ್ನು ಸೇರಿಸೋಣ; ನೆಟ್ಟು ಮರೆಯದೆ ಎರಡು ಬೇಸಿಗೆ ಒಂದೊಂದು ಕೊಡ ನೀರು ಹೊರೋಣ. ಹಿರಿಯರಲ್ಲಿ ನಮ್ಮದೊಂದು ಬೇಡಿಕೆ. ಗುಡ್ಡದ ಯಾವ ಬದಿಗೆ ಯಾವ ಮರವಿತ್ತು, ಯಾವ ಕೊರಕಲಲ್ಲಿ ನೀರು ಜಿನುಗುತ್ತಿತ್ತು, ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತಿತ್ತು ಎಂಬುದು ನಿಮಗೆ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿಲ್ಲ. ಒಂದು ದಿನ ಅವರ ಕೈಹಿಡಿದು ಗುಡ್ಡ ಹತ್ತಿರಿ, ಆ ಹೆಸರುಗಳನ್ನು ಹೇಳಿಕೊಡಿರಿ. ಅದೂ ಒಂದು ದೀಕ್ಷೆಯೇ. ಗಿರಿಯೂ ಉಳಿಯಲಿ, ಗಿರಿಯನ್ನು ನಂಬಿದ ಜೀವಗಳೂ ಉಳಿಯಲಿ ಎಂದು ಹರಸುತ್ತೇವೆ.